ತೊಗಟೆಬಟ್ಟೆಯ ಆಚೆಗಿನ ಪದ

ಲೊಸಲಿನೆ ಟೀಚರ್ ನಮ್ಮ ದ್ವೀಪಕ್ಕೆ ಬರುವ ಮೊದಲು ಇಂಗ್ಲಿಷ್ ಪದ ಕಲಿಯುವುದೆಂದರೆ ಹಲಗೆಯ ಮೇಲಿದ್ದುದನ್ನು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವುದು. ಬೆಳಿಗ್ಗೆ ಬಾಯಿಪಾಠ, ಸಂಜೆಗೆ ಸಮುದ್ರದ ಪಾಲು. ಆರನೇ ತರಗತಿಯ ಪರೀಕ್ಷೆ ಪಾಸಾದವರಿಗೆ ಮಾತ್ರ ಹೈಸ್ಕೂಲು. ನಮ್ಮೂರಿನಿಂದ ಹಾಗೆ ದೋಣಿ ಹತ್ತಿದವರು ಅಪರೂಪ.

ಟೀಚರ್ ನಮ್ಮ ಟೊಂಗಾ ದೇಶದ ರಾಜಧಾನಿ ನುಕುಅಲೋಫಾದವರು. ಸಣ್ಣ ಮೈ, ದೊಡ್ಡ ದನಿ. "ಒಂದ್ಸಲ ನೋಡಿದ ಪದ ನೆಂಟ ಇದ್ದಂಗೆ, ಬಂದ, ಉಂಡ, ಹೋದ. ಕೆಲಸಕ್ಕೆ ಹಚ್ಚಿದ್ರೇನೇ ಮನೆಯವನಾಗೋದು" ಎನ್ನುತ್ತಿದ್ದರು. ಪದಗಳನ್ನು ಅವರು ನಮ್ಮ ಕೈಯಲ್ಲಿ ಆಡಿಸಿದರು. ಒಬ್ಬರ ಕಿವಿಯಲ್ಲಿ ಪದ ಹೇಳುವುದು, ಅವರು ಲಂಗರು ಎಳೆದೋ ಗೆಣಸು ಅಗೆದೋ ನಟಿಸುವುದು, ಉಳಿದವರು ಅದೇನೆಂದು ಇಂಗ್ಲಿಷಿನಲ್ಲಿ ಹೇಳುವುದು. ಎಲ್ಲರಿಗಿಂತ ಚುರುಕಾಗಿದ್ದವನು ಸೈಮೊನೆ.

ಒಂದು ದಿನ ಅವರು ಆರಿಸಿದ ಪದ ಮದುವೆ.

"ಸೈಮೊನೆ, ನೀನು ಮದುಮಗ. ತೆಮಲಿಸಿ, ನೀನು ಮದುಮಗಳು. ಎಲ್ಲಿ, ಕೈ ಹಿಡ್ಕೊಳ್ಳಿ."

ತೆಮಲಿಸಿ ಎಂದರೆ ನಾನು. ಸೈಮೊನೆ ನನ್ನ ಸೋದರತ್ತೆಯ ಮಗ. ನಮ್ಮ ಟೊಂಗಾದಲ್ಲಿ ಅತ್ತೆಯ ಮಗನೆಂದರೆ ಒಡಹುಟ್ಟಿದ ಅಣ್ಣನೇ. ಬೆಳೆದ ತಂಗಿಯ ಜೊತೆ ಅಣ್ಣ ಹರಟುವುದಿಲ್ಲ, ಒಂದೇ ಮಾಡಿನ ಕೆಳಗೆ ಮಲಗುವುದಿಲ್ಲ. ಅವಳಿದ್ದಲ್ಲಿ ಯಾರಾದರೂ ಗಂಡುಹೆಣ್ಣಿನ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಟೀಚರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮಿಬ್ಬರ ಮನೆತನದ ಹೆಸರು ಬೇರೆ ಬೇರೆ ಇದ್ದುದರಿಂದ ಸಂಬಂಧವಿಲ್ಲದವರು ಎಂದುಕೊಂಡುಬಿಟ್ಟಿದ್ದರು. ರಾಜಧಾನಿಯಲ್ಲಿ ಆ ಲೆಕ್ಕ ನಡೆದೀತು. ನಮ್ಮ ದ್ವೀಪದಲ್ಲಿ ನೆಂಟರಲ್ಲದವು ಹಂದಿಗಳು ಮಾತ್ರ.

ಸೈಮೊನೆ ತಲೆ ತಗ್ಗಿಸಿ ಹೊರಗೆ ನಡೆದವನು ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಅವನ ತಾಯಿ ಮೆಲಿಯಾಮೆ ಅತ್ತೆ ನಮ್ಮಪ್ಪನಿಗೆ ಅಕ್ಕ. ಅಕ್ಕನ ಮುಂದೆ ಅಪ್ಪನೂ ನೆಲ ನೋಡಿಕೊಂಡೇ ಮಾತಾಡಬೇಕು. "ಓದಿದ್ದು ಸಾಕು, ಮೀನು ಹಿಡೀಲಿ" ಎಂದು ಅತ್ತೆ ಅಂದಮೇಲೆ ಮುಗಿಯಿತು. ಪರೀಕ್ಷೆ ಹತ್ತಿರದಲ್ಲಿತ್ತು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದ್ದಕ್ಕೇ ಅವನ ಓದು ನಿಂತಿತಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಶನಿವಾರ ಅತ್ತೆಯ ಅಂಗಳದಲ್ಲಿ ಹೆಂಗಸರೆಲ್ಲ ಕೂತು ಬಟ್ಟೆಗಾಗಿ ಮರದ ತೊಗಟೆ ಬಡಿಯುತ್ತಿದ್ದೆವು. ಲೊಸಲಿನೆ ಟೀಚರ್ ಬಂದರು. ಸೊಂಟಕ್ಕೆ ಹಳೆಯ ಹರಕು ಚಾಪೆ ಸುತ್ತಿಕೊಂಡಿದ್ದರು, ಸಾವಿನ ಮನೆಗೋ ತಪ್ಪೊಪ್ಪಿಗೆಗೋ ಬರುವವರ ಹಾಗೆ. ಬಿಸಿಲಿನಲ್ಲೇ ನೆಲಕ್ಕೆ ಕೂತು ತಲೆ ಬಗ್ಗಿಸಿದರು. ಅತ್ತೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕೊಡತಿ ಕೆಳಗಿಟ್ಟಳು.

"ನಿಮ್ಮ ಪ್ಯಾಟೇಲಿ ಅತ್ತೆ ಅನ್ನೋರು ಯಾರೂ ಉಳಿದಿಲ್ವೇನಮ್ಮಾ?"

"ಇದಾರೆ ಮೆಲಿಯಾಮಕ್ಕಾ. ನಾನೇ ವಿಚಾರಿಸ್ಲಿಲ್ಲ. ತಪ್ಪು ನಂದು."

"ಗೊತ್ತಿರ್ಲಿಲ್ಲ ಅನ್ನಲ್ವಾ?"

"ಗೊತ್ತು ಮಾಡ್ಕೋಬೇಕಿತ್ತು. ನನ್ನ ಬೇಕಾದ್ರೆ ಮುಂದಿನ ದೋಣೀಲಿ ವಾಪಸ್ ಕಳ್ಸಿ. ಹುಡುಗನ್ನ ಮಾತ್ರ ಬಿಡಿಸ್ಬೇಡಿ."

ಅತ್ತೆಯ ಕೋಪ ಇಳಿದದ್ದು ನನಗೆ ಅವಳ ಭುಜದಲ್ಲಿ ಕಂಡಿತು. "ಹುಡುಗ್ರು ಹುಡ್ಗೀರ ನಡುವೆ ಗೋಡೆ ಕಟ್ಸು, ಕಳಿಸ್ತೀನಿ" ಎಂದಳು.

"ಇರೋದು ಒಂದೇ ಕೋಣೆ, ಅಕ್ಕಾ."

ಅತ್ತೆ ಒಳಗೆ ಹೋಗಿ ಮಡಿಸಿಟ್ಟ ದೊಡ್ಡ ತೊಗಟೆಬಟ್ಟೆ ತಂದು ಟೀಚರ ಮಡಿಲಿಗೆ ಹಾಕಿದಳು. "ಮದುವೆ ಉಡುಗೊರೆಗೆ ಅಂತ ಇಟ್ಟಿದ್ದು. ನಿನ್ನ ಮದುವೆ ಆಟಕ್ಕೆ ಇದೇ ಸರಿ, ತಗೋ." ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಟೀಚರ್ ನಗುತ್ತಲೇ ಕಣ್ಣೊರೆಸಿಕೊಂಡರು.

ಸೋಮವಾರ ಕೋಣೆಯ ನಡುವೆ ಬಟ್ಟೆ ತೂಗಾಡಿತು. ಆ ಕಡೆ ಹುಡುಗರು, ಈ ಕಡೆ ನಾವು. ಬಾಗಿಲ ಬಳಿ ಬೀಸಣಿಗೆ ಹಿಡಿದು ಅತ್ತೆಯ ಕಾವಲು. ಇನ್ನು ನಟನೆ ನಡೆಯದು, ಕಾಣುವುದೇ ಇಲ್ಲವಲ್ಲ. ಟೀಚರ್ ಆಟವನ್ನೇ ತಿರುಗಿಸಿದರು. ಒಂದು ಕಡೆಯವರಿಗೆ ಪದ ಕೊಡುವುದು. ಅವರು ಆ ಪದವನ್ನು ಬಾಯಿಗೆ ತರದೆ ಅದರ ಸುತ್ತಮುತ್ತ ಇಂಗ್ಲಿಷಿನಲ್ಲಿ ಹೇಳಬೇಕು, ಆಚೆಯವರು ಪದ ಹಿಡಿಯಬೇಕು. ಹಿಡಿದವರು ಅದನ್ನು ಹಾಕಿ ಸ್ವಂತದ್ದೊಂದು ವಾಕ್ಯ ಕಟ್ಟಬೇಕು. ಒಂದು ಪದ ಮುಟ್ಟಿಸಲು ಗೊತ್ತಿದ್ದ ಪದಗಳನ್ನೆಲ್ಲ ಹುಡುಕಿ ತರಬೇಕಾಗುತ್ತಿತ್ತು. ಕೈ ಆಡಿಸಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಆ ಪರದೆಯ ಹಿಂದೆ ನಾವು ಕಲಿತಷ್ಟು ಪದಗಳನ್ನು ಆಮೇಲೆ ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ಸೈಮೊನೆ ಬಂದಿದ್ದ, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಸರದಿ ಬಂದಾಗಲೆಲ್ಲ ಪಕ್ಕದವನಿಗೆ ಬಿಟ್ಟುಕೊಡುತ್ತಿದ್ದ. ಹೀಗೆ ಬಾಯಿ ಹೊಲಿದುಕೊಂಡರೆ ಪರೀಕ್ಷೆಯಲ್ಲೂ ಅಷ್ಟೇ, ಮೀನೇ ಗತಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಮಧ್ಯಾಹ್ನ ಅವನ ದನಿ ಕೇಳಿತು. ನಿಧಾನ, ತಡವರಿಸುವ ಇಂಗ್ಲಿಷು.

"ಒಬ್ಬ ಹುಡುಗಿ ಇದ್ದಳು. ಚಿಕ್ಕವಳು. ಅಪ್ಪನ ದೋಣಿಯಿಂದ ಬಿದ್ದಳು. ಅಲೆ ದೊಡ್ಡದಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. ತಾನೇ ಈಜಿ ದಡಕ್ಕೆ ಬಂದಳು. ನಾನು ನೋಡಿದೆ. ಅವಳು ಎಂಥವಳು?"

ಆ ಹುಡುಗಿ ನಾನು. ಅವನು ದಡದಲ್ಲಿ ನಿಂತು ನೋಡಿದ್ದನೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ತಂಗಿಯ ಎದುರು ಹೀಗೆಲ್ಲ ಹೊಗಳುವ ಅಣ್ಣ ನಮ್ಮಲ್ಲಿಲ್ಲ. ಪಕ್ಕದವಳು ಮೊಣಕೈಯಲ್ಲಿ ತಿವಿದಳು.

"ಬ್ರೇವ್" ಎಂದೆ.

"ಸರಿ" ಎಂದಿತು ಆಚೆಯ ದನಿ.

ಬಾಗಿಲಲ್ಲಿ ಬೀಸಣಿಗೆ ನಿಂತಿತ್ತು. ಅತ್ತೆಗೆ ಇಂಗ್ಲಿಷ್ ಎಷ್ಟು ಬರುತ್ತಿತ್ತೋ ಕಾಣೆ, ಎದ್ದಂತೂ ಬರಲಿಲ್ಲ.

"ವಾಕ್ಯ ಮಾಡು, ತೆಮಲಿಸಿ" ಎಂದರು ಟೀಚರ್, ಮೆಲ್ಲಗೆ.

ನಾನು ಬಟ್ಟೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಇಂಗ್ಲಿಷಿನಲ್ಲಿ ಹೇಳಿದೆ: "ನನ್ನ ಅಣ್ಣ ಧೈರ್ಯವಂತ, ಅವನು ಶಾಲೆಗೆ ವಾಪಸ್ ಬಂದ."