ಅಡುಗೆಮನೆಯಿಂದ ಕೇಳಿದ ಸಿನಿಮಾಗಳು

ತೊಳೆದಿಟ್ಟ ಲೋಟಗಳನ್ನೇ ಯಜಮಾನರು ಮೂರನೇ ಸಲ ತೊಳೆಯುತ್ತಿದ್ದರು. ಆಚೆ ನಡುಮನೆಯಲ್ಲಿ ಮೂವತ್ತು ಜನ ಕೂತಿದ್ದರು. ಅವರ ನಡುವೆ ಮೇಜಿನ ಮೇಲೆ, ಮರದ ಪೆಟ್ಟಿಗೆಯಲ್ಲಿ, ಯಜಮಾನರ ಹೆಂಡತಿ ಮಲಗಿದ್ದಳು. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಿಂದ ಪೆಟ್ಟಿಗೆ ಬಂದಾಗ ಅಡುಗೆಮನೆ ಹೊಕ್ಕವರು, ಗಂಟೆ ಹತ್ತಾದರೂ ಆ ಕಡೆ ತಲೆ ಹಾಕಿರಲಿಲ್ಲ. ಹನ್ನೊಂದಕ್ಕೆ ವ್ಯಾನು ಬರುತ್ತದೆ, ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ವೇಳಾಪಟ್ಟಿ ಬರೆದ ಮನುಷ್ಯನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಂಡತಿಯ ಅಕ್ಕ ಬಾಗಿಲಲ್ಲಿ ಬಂದು ನಿಂತರು. ಮನೆಮಂದಿಗೆಲ್ಲ ಅವರು ದೊಡ್ಡಮ್ಮ. ಸಾವಿನ ಮನೆಯಲ್ಲೂ ಯಾರಿಗೆ ಕುರ್ಚಿ, ಯಾರಿಗೆ ಚಾಪೆ ಎಂದು ತೀರ್ಮಾನಿಸುವವರು ಅವರೇ.

"ಏನಪ್ಪಾ, ಪಾತ್ರೆ ತೊಳೆಯೋಕೆ ಇವತ್ತೇ ಆಗ್ಬೇಕಿತ್ತಾ? ಒಂದ್ಸಲ ಬಂದು ಮುಖ ನೋಡು. ಜನ ಏನಂದ್ಕೋತಾರೆ?"

"ಬರ್ತೀನಿ ಅತ್ತಿಗೆ. ಇನ್ನೆರಡು ಲೋಟ ಇದೆ."

"ಮೂವತ್ತೆಂಟು ವರ್ಷ ಸಂಸಾರ ಮಾಡಿದೋನು! ಕಲ್ಲು ಮನಸ್ಸು ನಿಂದು," ಎಂದು ದೊಡ್ಡಮ್ಮ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೊರಟುಹೋದರು. ಯಜಮಾನರು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರು.

ಸತ್ತವಳನ್ನು ಬೀದಿಯೆಲ್ಲ ಹಲ್ಲಕ್ಕ ಎನ್ನುತ್ತಿತ್ತು. ಅವಳೇನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನವಳು. ಇವತ್ತು ನಡುಮನೆಯಲ್ಲಿ ಕೂತವರಲ್ಲಿ ಕಡಿಮೆಯೆಂದರೂ ಒಂಬತ್ತು ಜನ ಅವಳು ಮಾಡಿಕೊಟ್ಟ ಹಲ್ಲು ಕಚ್ಚಿಕೊಂಡೇ ಅಳು ತಡೆಯುತ್ತಿದ್ದರು. ಇನ್ನೊಂದಕ್ಕೂ ಅವಳು ಹೆಸರುವಾಸಿ. ಯಾರೂ ನೋಡದ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. ರಬ್ಬರಿನ ರಾಕ್ಷಸರು, ದಾರಕ್ಕೆ ಜೋತುಬಿದ್ದ ಹಾರುವ ತಟ್ಟೆಗಳು, ಬೆಡ್‌ಶೀಟು ಹೊದ್ದ ದೆವ್ವಗಳು. ಕ್ಯಾಸೆಟ್ಟಿನ ಅಂಗಡಿಯವನು ಧೂಳು ಹಿಡಿದದ್ದನ್ನೆಲ್ಲ ಅವಳಿಗೆಂದೇ ಒಂದು ಪೆಟ್ಟಿಗೆಯಲ್ಲಿ ತೆಗೆದಿಡುತ್ತಿದ್ದ.

"ನಮ್ಮ ಯಜಮಾನರಿಗೆ ಇಂಥವೆಲ್ಲ ಸೇರೋದಿಲ್ಲ," ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಎಲ್ಲರೂ ನಂಬಿದ್ದರು.

*

ಮದುವೆಯಾದ ಎರಡನೇ ವಾರ ಇಬ್ಬರೂ ಮ್ಯಾಟಿನಿಗೆ ಹೋಗಿದ್ದರು. ಸಿನಿಮಾ ಆರಿಸಿದ್ದು ಅವಳು. ಕೆರೆಯೊಳಗಿಂದ ಎದ್ದು ಬರುವ ಒಂದು ಪ್ರಾಣಿಯ ಕತೆ. ಮೈಯೆಲ್ಲ ಕಪ್ಪೆ, ಕಾಲಲ್ಲಿ ಮಾತ್ರ ಮನುಷ್ಯರ ಬೂಟು. ಆ ಪ್ರಾಣಿ ನೀರಿನಿಂದ ತಲೆ ಎತ್ತಿದ್ದೇ ತಡ, ಪಕ್ಕದ ಸೀಟು ಖಾಲಿಯಾಯಿತು. ಅವಳು ಹುಡುಕಿಕೊಂಡು ಹೊರಗೆ ಬಂದರೆ, ಹೊಸ ಗಂಡ ಗೋಡೆಯ ಬಳಿ ನಿಂತು ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಓದುತ್ತಿದ್ದರು.

"ಏನಾಯ್ತು ರೀ?"

"ಏನಿಲ್ಲ. ಒಳಗೆ ಸೆಕೆ."

ಅವಳು ಕೈ ಹಿಡಿದು ನೋಡಿದಳು. ಕೈ ತಣ್ಣಗೆ ಕೊರೆಯುತ್ತಿತ್ತು.

"ಅದು ರಬ್ಬರ್ ರೀ. ಹಲ್ಲು ಅಳತೆ ತಪ್ಪಿದೆ, ಬಾಯಿ ಮುಚ್ಚೋಕೂ ಆಗ್ತಿಲ್ಲ ಪಾಪ ಅದಕ್ಕೆ."

"ರಬ್ಬರ್ ಅಂತ ಗೊತ್ತು. ಗೊತ್ತಿದ್ರೂ ಆಗುತ್ತೆ."

ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, "ಇಲ್ಲೇ ಇರಿ, ಅದು ನೀರಿಗೆ ವಾಪಸ್ ಹೋದ್ಮೇಲೆ ಕರೀತೀನಿ," ಎಂದಳು. ಕಾಲು ಗಂಟೆ ಕಳೆದ ಮೇಲೆ ಬಾಗಿಲ ಸಂದಿಯಿಂದ ತಲೆ ಹೊರಹಾಕಿ ಕರೆದಳು. ಯಜಮಾನರು ಒಳಗೆ ಹೋಗಿ ನೋಡಿದರೆ ತೆರೆಯ ಮೇಲೆ ನಾಯಕಿ ಬಟ್ಟೆ ಒಣಗಿಸುತ್ತಿದ್ದಳು. ಅದನ್ನು ಅವರು ತುಂಬ ಆಸಕ್ತಿಯಿಂದ ನೋಡಿದರು.

*

ಮಗಳು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು.

"ಅಪ್ಪಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಮ್ಮನ ಮೇಲೆ ಏನಾದ್ರೂ ಕೋಪಾನಾ?"

"ನಂಗಾ? ಯಾಕೆ?"

"ಭಾನುವಾರ ಬಂದ್ರೆ ಅಮ್ಮ ಟೀವಿ ಮುಂದೆ, ನೀವು ಇಲ್ಲಿ. ಚಿಕ್ಕೋಳಿದ್ದಾಗಿಂದ ನೋಡಿದೀನಿ. ಇವತ್ತೂ ಹೀಗೇ ಮಾಡ್ತಿದೀರಲ್ಲ."

ಯಜಮಾನರು ಲೋಟ ಬೋರಲು ಹಾಕಿದರು. "ನಂಗೆ ಹೆದರಿಕೆ ಕಣೇ."

"ಯಾವುದಕ್ಕೆ?"

"ಎಲ್ಲದಕ್ಕೂ. ರಬ್ಬರ್ ಕಪ್ಪೆಗೆ, ಬೆಡ್‌ಶೀಟ್ ದೆವ್ವಕ್ಕೆ. ಒಂದ್ಸಲ ಸಿನಿಮಾದಲ್ಲಿ ಹೂಕೋಸೊಂದು ಮನುಷ್ಯರನ್ನ ತಿನ್ನೋಕೆ ಬಂತು, ನೋಡು, ಅದಕ್ಕೂ."

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. "ಮತ್ತೆ ನಿಮಗೆ ಅದೆಲ್ಲ ಸೇರಲ್ಲ ಅಂತ ಅಮ್ಮ..."

"ನನ್ನ ಮರ್ಯಾದೆ ಉಳಿಸೋಕೆ ಹಾಗಂತಿದ್ಲು. ಸೇರ್ತಿತ್ತು ಕಣೇ. ಅರ್ಧರ್ಧ."

*

ಮಗಳು ಹುಟ್ಟಿದ ಮೇಲೆ ಗಂಡಹೆಂಡಿರು ಒಂದು ಗುಟ್ಟಿನ ಭಾಷೆ ಮಾಡಿಕೊಂಡಿದ್ದರು. ರಾಕ್ಷಸ ಮರೆಯಾದ ಕೂಡಲೇ ಹಲ್ಲಕ್ಕ ನಡುಮನೆಯಿಂದ, "ರೀ, ಟೀ ತನ್ನಿ," ಎಂದು ಕೂಗುತ್ತಿದ್ದಳು. ಯಜಮಾನರು ಲೋಟ ಹಿಡಿದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ರಾಕ್ಷಸ ಮತ್ತೆ ಬರುವ ಸೂಚನೆ ಕಂಡರೆ, "ರೀ, ಬಿಸ್ಕತ್ತು ಇದೆಯಾ ನೋಡಿ," ಎನ್ನುತ್ತಿದ್ದಳು. ಅವರು ಎದ್ದು ಬಂದುಬಿಡುತ್ತಿದ್ದರು. ಅಮ್ಮನಿಗೆ ಟೀ ಹುಚ್ಚು, ಅಪ್ಪ ಪಾಪದವರು ಎಂದು ಮಗಳು ತಿಳಿದಿದ್ದಳು.

ಹೀಗಾಗಿ ಯಜಮಾನರು ನೂರಾರು ಭೂತದ ಸಿನಿಮಾ ನೋಡಿಯೂ ಒಂದು ಭೂತವನ್ನೂ ಪೂರ್ತಿ ಕಂಡಿರಲಿಲ್ಲ. ಒಂದು ಸಿನಿಮಾ ಅವರಿಗೆ ಬಲು ಇಷ್ಟವಾಗಿತ್ತು. ಅವರು ಕಂಡ ಮಟ್ಟಿಗೆ ಅದು ಒಂದು ಕುಟುಂಬ ಹೊಸ ಮನೆಗೆ ಬಂದು, ಕಿಟಕಿಗೆ ಪರದೆ ಹಾಕಿ, ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳುವ ಕತೆ. ಅಂಥ ಸಿನಿಮಾದ ಹೆಸರಲ್ಲಿ ನೆತ್ತರು ಎಂಬ ಪದ ಯಾಕಿತ್ತೋ ಅವರಿಗೆ ಅರ್ಥವಾಗಿರಲಿಲ್ಲ.

"ಈ ಥರದ ಸಿನಿಮಾದಲ್ಲಿ ನಿಂಗೆ ಅಂಥಾದ್ದೇನು ಕಾಣುತ್ತೆ?" ಎಂದು ಒಮ್ಮೆ ಕೇಳಿದ್ದರು.

"ಆ ರಾಕ್ಷಸರನ್ನ ಯಾರೋ ಮನೇಲಿ ಕೂತು ಅಂಟು ಹಚ್ಚಿ ಮಾಡಿರ್ತಾರೆ ರೀ. ನಾನು ಮಾಡೋದೂ ಸುಳ್ಳು ಹಲ್ಲೇ ತಾನೆ? ನನ್ನದು ಸುಳ್ಳು ಅಂತ ಗೊತ್ತಾಗಬಾರದು. ಅವರದು ಗೊತ್ತಾಗಿಬಿಡುತ್ತೆ. ಆದ್ರೂ ಬಿಡದೆ ಮಾಡ್ತಾರಲ್ಲ, ಅದು ನಂಗೆ ಇಷ್ಟ."

*

"ಆಸ್ಪತ್ರೆಯಲ್ಲೂ ಹಾಗೇ ಮಾಡಿದ್ಲು," ಎಂದರು ಯಜಮಾನರು, ಟೀ ಬಿಸ್ಕತ್ತಿನ ಗುಟ್ಟನ್ನೆಲ್ಲ ಮಗಳಿಗೆ ಹೇಳಿ ಮುಗಿಸಿ. "ಮೊನ್ನೆ ಸಾಯಂಕಾಲ ಚೆನ್ನಾಗೇ ಮಾತಾಡ್ತಿದ್ಲು. ಇದ್ದಕ್ಕಿದ್ದ ಹಾಗೆ, ರೀ, ಮನೇಲಿ ಬಿಸ್ಕತ್ತು ಇದೆಯಾ ನೋಡಿ ಅಂದ್ಲು. ನಂಗೆ ಗೊತ್ತಾಯ್ತು. ಗೊತ್ತಾಗಿಯೂ ಎದ್ದು ಬಂದ್ಬಿಟ್ಟೆ. ಈಗ ಟೀ ತನ್ನಿ ಅನ್ನೋರು ಯಾರಿದಾರೆ ಹೇಳು?"

ಮಗಳು ಅವರ ಒದ್ದೆ ಕೈಗಳನ್ನು ಹಿಡಿದುಕೊಂಡಳು. ಆಮೇಲೆ, "ನಾನು ಹೋಗಿ ನೋಡ್ಕೊಂಡು ಬಂದು ಹೇಗಿದಾಳೆ ಅಂತ ಹೇಳ್ಲಾ?" ಎಂದು ಕೇಳಿದಳು. ಹೋಗಿ, ಬಂದು, ಹೇಳಿದಳು. ನೀಲಿ ಬಟ್ಟೆ ಹಾಕಿದ್ದಾರೆ. ತಲೆ ಚೆನ್ನಾಗಿ ಬಾಚಿದ್ದಾರೆ. ಬಾಯಿ ಒಂಚೂರು ತೆರೆದಿದೆ.

"ಹಲ್ಲು ಕಾಣುತ್ತಾ?"

"ಮೇಲಿನದು ಎರಡು ಕಾಣುತ್ತೆ."

"ಅದು ಅವಳ ಸ್ವಂತದ್ದು," ಎಂದರು ಯಜಮಾನರು, ಕೊಂಚ ಹೆಮ್ಮೆಯಿಂದ.

ಆಗ ನಡುಮನೆಯಲ್ಲಿ ಯಾರೋ ಫಕ್ಕನೆ ನಕ್ಕರು. ಹಲ್ಲಕ್ಕನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಲ್ಯಾಬಿನ ಗೆಳತಿ ಯಾವುದೋ ಸಿನಿಮಾದ ಕತೆ ಹೇಳುತ್ತಿದ್ದಳು. ಅವಳ ದನಿ ಬಾಗಿಲು ದಾಟಿ ಬಂತು.

"ಆ ರಾಕ್ಷಸ ಬಾಯಿ ತೆಗೆದು ಗರ್ಜಿಸ್ತಾನೆ, ಕೋರೆಹಲ್ಲು ಟಪ್ ಅಂತ ಕೆಳಗೆ ಬೀಳುತ್ತೆ! ಆ ಹುಡುಗಿ ಕಿರುಚ್ತಾ ಕಿರುಚ್ತಾನೇ ಬಗ್ಗಿ, ಅದನ್ನ ಎತ್ತಿ ಅವನ ಕೈಗೆ ಕೊಡ್ತಾಳೆ. ಅವನು ತಲೆ ಆಡಿಸಿ ತಗೋತಾನೆ. ಆಮೇಲೆ ಅವಳನ್ನೇ ಕೊಲ್ತಾನೆ. ಸಿನಿಮಾದೋರು ಅದನ್ನ ಕತ್ತರಿಸದೆ ಹಾಗೇ ಬಿಟ್ಟಿದ್ರು! ಹಲ್ಲಕ್ಕ ಮಾರನೇ ದಿನ ಲ್ಯಾಬ್‌ನಲ್ಲಿ ಅದನ್ನ ಮಾಡಿ ತೋರಿಸಿ, ಎಂಥ ಒಳ್ಳೆ ಹುಡುಗಿ ಕಣೇ ಅಂತ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಹಾಕ್ಕೊಂಡ್ಲು."

ಯಜಮಾನರು ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದರು.

"ಇದು ನಂಗೆ ಗೊತ್ತೇ ಇಲ್ಲ."

"ಅಮ್ಮ ಹೇಳಿರಲಿಲ್ವಾ?"

"ಅದರಲ್ಲಿ ರಾಕ್ಷಸ ಇದಾನಲ್ಲ. ನಾನು ಇಲ್ಲಿ ಟೀ ಸೋಸ್ತಾ ನಿಂತಿರ್ತೀನಿ." ಅವರು ಬಟ್ಟೆಯನ್ನು ಕೆಳಗಿಟ್ಟರು. "ಚೆನ್ನಾಗಿರೋದೆಲ್ಲ ಆ ಕಡೇನೇ ಇತ್ತೇನೋ. ಅವಳು ಹಾಗೆ ನಗೋದನ್ನ ಊರೆಲ್ಲ ನೋಡಿದೆ, ನಾನು ನೋಡಿಲ್ಲ."

ಗಂಟೆ ಹತ್ತೂ ಮುಕ್ಕಾಲಾಗಿತ್ತು. ಮಗಳು ತೋಳು ಹಿಡಿಯಲು ಬಂದಳು. ಬೇಡ ಎಂದು ಕೈಯಾಡಿಸಿ, ಯಾರೂ ಕರೆಯದಿದ್ದರೂ ಯಜಮಾನರು ತಾವಾಗಿ ಬಾಗಿಲು ತೆಗೆದರು.

ಅವರನ್ನು ಕಂಡು ನಗುತ್ತಿದ್ದವರೆಲ್ಲ ಗಪ್ಪಾದರು. ಯಜಮಾನರು ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು, ನೆಲ ನೋಡಿಕೊಂಡು, ಮೇಜಿನವರೆಗೆ ನಡೆದರು. ಮೊದಲು ಎರಡು ಬೆರಳು ಬಿಡಿಸಿ ನೋಡಿದರು. ಆಮೇಲೆ ಮೂರು. ಆಮೇಲೆ ಕೈ ಕೆಳಗಿಳಿಸಿದರು.

ತುಂಬ ಹೊತ್ತು ನೋಡಿದ ಮೇಲೆ, "ಅಯ್ಯೋ, ನೀನೇ ಅಲ್ವಾ," ಎಂದರು.

ದೊಡ್ಡಮ್ಮ ಎದ್ದು ತಮ್ಮ ಕುರ್ಚಿಯನ್ನೇ ಅವರಿಗೆ ಕೊಟ್ಟರು. ಯಜಮಾನರು ಕೂತು, ಲ್ಯಾಬಿನ ಗೆಳತಿಯ ಕಡೆ ತಿರುಗಿದರು.

"ಆ ಹಲ್ಲಿನ ಕತೆ ಇನ್ನೊಂದ್ಸಲ ಹೇಳಮ್ಮ. ರಾಕ್ಷಸ ಬರೋ ಜಾಗದಿಂದ ಹೇಳು."

ಅವಳು ಮೊದಲಿಗೆ ಹಿಂದೆಮುಂದೆ ನೋಡಿದಳು, ಆಮೇಲೆ ಎದ್ದು ನಿಂತು ಕೈ ಮೈ ಆಡಿಸಿ ಹೇಳಿದಳು. ಹುಡುಗಿ ಹಲ್ಲು ಎತ್ತಿಕೊಡುವಲ್ಲಿಗೆ ಬಂದಾಗ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಮ್ಮನೂ ನಕ್ಕರು. ನಕ್ಕಿದ್ದಕ್ಕೆ ಅತ್ತರು, ಅತ್ತು ಮತ್ತೆ ನಕ್ಕರು.

ವ್ಯಾನಿನವರಿಬ್ಬರು ಬಂದು ಮುಚ್ಚಳವನ್ನು ಎರಡು ಕಡೆ ಹಿಡಿದರು.

"ಮುಚ್ತೀವಿ ಸಾರ್. ನೋಡೋಕೆ ಕಷ್ಟ ಆದ್ರೆ ಆ ಕಡೆ ಹೋಗಿರಿ, ಪರವಾಗಿಲ್ಲ."

"ಇಲ್ಲಪ್ಪ, ಇರ್ತೀನಿ," ಎಂದು ಯಜಮಾನರು ಕುರ್ಚಿಯಿಂದ ಎದ್ದರು.

ಮುಚ್ಚಳ ಕಾಲಿನ ಕಡೆಯಿಂದ ಇಳಿಯತೊಡಗಿತು. ಅದು ಇಳಿದಂತೆಲ್ಲ ಯಜಮಾನರೂ ಸೊಂಟ ಬಗ್ಗಿಸಿದರು, ಮಂಡಿ ಬಗ್ಗಿಸಿದರು, ಕತ್ತು ಓರೆ ಮಾಡಿದರು. ತಲೆಯ ಕಡೆ ಒಂದು ಬೆರಳಿನಷ್ಟು ಸಂದಿ ಉಳಿದಾಗ ಅವರ ಕೆನ್ನೆ ಪೆಟ್ಟಿಗೆಯ ಅಂಚಿಗೆ ತಾಗಿತ್ತು. ಕಣ್ಣು ಮಿಟುಕಿಸದೆ ಅವರು ಒಳಗೆ ನೋಡುತ್ತಿದ್ದರು. ವ್ಯಾನಿನವರಿಬ್ಬರೂ ಮುಚ್ಚಳವನ್ನು ಅಷ್ಟಕ್ಕೇ ಎತ್ತಿ ಹಿಡಿದು, ತೋಳು ನಡುಗುತ್ತಿದ್ದರೂ, ಹಾಗೇ ಕಾದರು.