ಮೂರನೇ ಮಗುವಿಗೆ ಚಪ್ಪಾಳೆ

ಒಂದು ವಾರದಿಂದ ಭುವನೇಶ್ವರಿಗೆ ಮನೆ ಓನರ್ ಹೆಂಡತಿ ಅಂಜಿನಮ್ಮನ ಮೇಲೆ ಗುಮಾನಿ. ಗುಮಾನಿ ಬರದೆ ಇನ್ನೇನು ಬಂದೀತು? ಒಂದು ಬಿಂದಿಗೆ ನೀರು ಹೆಚ್ಚು ಹಿಡಿದರೆ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಹೆಂಗಸು, ಈಗ ಬೆಳಗಾದರೆ ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ತಂದು ಕೊಡುತ್ತಾಳೆ. ಕೊಟ್ಟು ಸುಮ್ಮನೆ ಹೋಗುತ್ತಾಳಾ? ಇಲ್ಲ. ಹೊಟ್ಟೆಯ ಕಡೆ ಒಂದು ಸಲ ನೋಡಿಯೇ ಹೋಗುತ್ತಾಳೆ.

ಚಂದಾಪುರದ ಆ ವಠಾರದಲ್ಲಿ ಕೋಣೆಗೆ ನಾಲ್ಕೇ ಜನ. ಇದು ಅಂಜಿನಮ್ಮನ ಗಂಡ ಆವಲಪ್ಪನ ಕಟ್ಟಪ್ಪಣೆ. ರಾಯಚೂರು ಕಡೆಯಿಂದ ಬಂದ ಭುವನೇಶ್ವರಿ, ಗಂಡ ಭರಮಪ್ಪ, ಎರಡು ಹೆಣ್ಣುಮಕ್ಕಳು, ಅಲ್ಲಿಗೆ ನಾಲ್ಕು ಭರ್ತಿ. ಈಗ ಅವಳಿಗೆ ಐದು ತಿಂಗಳು. ಗಂಡನ ದೊಗಲೆ ಅಂಗಿ ತೊಟ್ಟು ಗಾರ್ಮೆಂಟ್ಸಿಗೆ ಹೋಗಿ ಬರುತ್ತಾ ಹೇಗೋ ದಿನ ದೂಡುತ್ತಿದ್ದಳು. ಹೋದ ವರ್ಷ ಇದೇ ವಠಾರದಲ್ಲಿ ಮೂರನೇದು ಹೆತ್ತ ಶರಣಮ್ಮನನ್ನು ಆವಲಪ್ಪ ಹಸಿ ಬಾಣಂತಿ ಎಂದೂ ನೋಡದೆ ಪಾತ್ರೆ ಪಡಗದ ಸಮೇತ ಹೊರಗೆ ಹಾಕಿದ್ದ. ಅದನ್ನು ನೆನೆದಾಗಲೆಲ್ಲ ಭುವನೇಶ್ವರಿ ಅಂಗಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು.

ಭಾನುವಾರ ಸಂಸದ ಲಕ್ಷ್ಮಣಪ್ಪನವರು ಭಾಷಣಕ್ಕೆ ಬಂದರು. ಆವಲಪ್ಪನ ಅಂಗಳದಲ್ಲೇ ಶಾಮಿಯಾನ. ಬಾಡಿಗೆಯವರೆಲ್ಲ ಬರಲೇಬೇಕು ಎಂದಿದ್ದರಿಂದ ಭುವನೇಶ್ವರಿಯೂ ಹಿಂದಿನ ಸಾಲು ಹುಡುಕಿ ಕೂತಳು. ಅಂಜಿನಮ್ಮ ನೆಟ್ಟಗೆ ಬಂದು ಅವಳ ಪಕ್ಕದಲ್ಲೇ ಕೂರಬೇಕೆ!

"ಜನ ಜಾಸ್ತಿ ಇರೋ ರಾಜ್ಯಕ್ಕೆ ಪಾರ್ಲಿಮೆಂಟಲ್ಲಿ ಸೀಟು ಜಾಸ್ತಿ ಕೊಡ್ತಾರಂತೆ," ಎಂದರು ಸಂಸದರು. "ಎರಡೇ ಸಾಕು ಅಂತ ಕೂತಿದ್ದಕ್ಕೆ ನಮಗೆ ಶಿಕ್ಷೆ! ದಿಲ್ಲೀಲಿ ನಮ್ಮ ದನಿ ಉಳೀಬೇಕಾ? ಮನೆಗೆ ಮೂರು ಮಕ್ಕಳಾಗ್ಲಿ. ನಮ್ಮ ಹಿರೀಕರು ಎಂಟು ಹತ್ತು ಸಾಕಲಿಲ್ವಾ?"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಆವಲಪ್ಪ. ಎಲಾ ಇವನ, ಎಂದುಕೊಂಡಳು ಭುವನೇಶ್ವರಿ.

"ಇಲ್ಲಿ ಮೂರನೇ ಮಗು ಹೆರೋ ತಾಯಿ ಯಾರಾದ್ರೂ ಇದ್ದೀರಾ?"

ಅಂಜಿನಮ್ಮ ಭುವನೇಶ್ವರಿಯ ಕೈ ಹಿಡಿದು ಮೇಲಕ್ಕೆತ್ತಿಬಿಟ್ಟಳು. "ಇವ್ಳವ್ಳೆ ಸಾರ್! ನಮ್ಮ ವಠಾರದೋಳೆ!"

ಹಿಡಿದುಕೊಟ್ಟೇ ಬಿಟ್ಟಳಲ್ಲ, ಹಾಳಾದವಳು! ಎಳೆದುಕೊಂಡು ವೇದಿಕೆಗೂ ಹತ್ತಿಸಿದಳು. ಸಂಸದರು ಸೀರೆ, ಹೂವು ಕೊಟ್ಟರು. ಹತ್ತಾರು ಮೊಬೈಲುಗಳು ಎದ್ದವು. ಭುವನೇಶ್ವರಿ ಸೀರೆಯನ್ನು ಹೊಟ್ಟೆಗೆ ಅಡ್ಡ ಹಿಡಿದಳು. ಅಷ್ಟರಲ್ಲಿ ಅಂಜಿನಮ್ಮ ಮೈಕಿಗೆ ಬಾಯಿ ಹಾಕಿದಳು.

"ಸಾರ್, ರೂಮಿಗೆ ನಾಕೇ ಜನ ಅಂತ ನಮ್ಮನೆಯೋರ ರೂಲ್ಸು. ಇವ್ಳನ್ನ ಮನೆ ಬಿಡಿಸ್ಬ್ಯಾಡ ಅಂತ ನೀವೇ ಒಂದ್ಮಾತು ಹೇಳ್ಬುಡಿ. ನಿಮ್ಮ ಮಾತ ಅವ್ರು ಮೀರಾಕಿಲ್ಲ."

ಭುವನೇಶ್ವರಿ ಬೆಪ್ಪಾಗಿ ಅವಳ ಮುಖ ನೋಡಿದಳು. ಅಯ್ಯೋ ದೇವರೇ, ಈ ಹೆಂಗಸು ತನ್ನ ಕಡೆಯವಳು!

ಸಂಸದರು ನಕ್ಕರು. "ತಾಯಿ, ಅದೊಂದು ಮಾತ್ರ ಕೇಳ್ಬೇಡಿ. ಸ್ವಂತ ಆಸ್ತೀಲಿ ಸರ್ಕಾರ ಮೂಗು ತೂರಿಸ್ಬಾರ್ದು. ಪಾರ್ಲಿಮೆಂಟಲ್ಲೂ ನಾನು ಹೇಳೋದು ಇದನ್ನೇ. ಮನೆ ಅವರದು, ಹಕ್ಕೂ ಅವರದೇ."

ಆವಲಪ್ಪ ಈ ಸಲ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಸಂಸದರ ಕಾರು ಹೊರಟ ಮೇಲೆ ಅವನು ಭುವನೇಶ್ವರಿಯ ಎದುರು ಬಂದು ನಿಂತ. "ಸಾಹೇಬ್ರೇ ಹೇಳವ್ರಲ್ಲವ್ವ. ಈ ತಿಂಗಳು ಕಳೀತಿದ್ದಂಗೆ ಖಾಲಿ ಮಾಡು." ಹೆಂಡತಿಯ ಕಡೆ ತಿರುಗಿ, "ನೀನು ಒಳಕ್ಕೆ ನಡಿ," ಎಂದು ಗದರಿ ಹೋದ.

ಅಂಜಿನಮ್ಮ ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಾರ ಮುಂದೆ ಒಪ್ಪಿಸ್ಬುಟ್ರೆ ಇವ್ರು ಬಾಯಿ ಮುಚ್ಕಂತಾರೆ ಅಂದ್ಕಂಡೆ ಕಣವ್ವ. ನಿನ್ ಮನೆ ನಾನೇ ಕಳ್ದೆ."

ಭುವನೇಶ್ವರಿಗೆ ಬೈಯಬೇಕೆನಿಸಲಿಲ್ಲ. ವಾರವಿಡೀ ಮನಸ್ಸಿನಲ್ಲೇ ಬೈದದ್ದು ನೆನಪಾಗಿ ನಾಚಿಕೆಯಾಯಿತು.

"ತಪ್ಪು ನಂದ್ರಿ ಅಕ್ಕಾ. ನಿಮ್ಮನ್ನ ನಂಬಿದ್ರ, ಆ ಎಂಪಿನ್ನ ಕೇಳಬ್ಯಾಡ್ರಿ, ಅಂವಾ ನಿಮ್ಮ ಯಜಮಾನ್ರ ಕಡ್ಯಾಂವ ಅಂತ ಮೊದ್ಲ ಹೇಳ್ತಿದ್ದೆ."