ಬ್ರೇಕಿಗೆ ಬಿಟ್ಟ ಎಣ್ಣೆ

ಟೇಲರ್ ಸಾಹೇಬರದು ಸುಮ್ಮನೆ ಕೂರುವ ಕೈಯಲ್ಲ. ಹೊಲಿಗೆ ಇದ್ದರೆ ಹೊಲಿಗೆ, ಇಲ್ಲದಿದ್ದರೆ ನಲ್ಲಿ, ಬಾಗಿಲ ಚಿಲಕ, ಗೋಡೆ ಗಡಿಯಾರ, ಏನು ಸಿಕ್ಕಿದರೂ ಬಿಚ್ಚಿ ನೋಡಲೇಬೇಕು. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಜೋಡಣೆಯಾಗುತ್ತಿತ್ತು, ಉಳಿದರ್ಧ ಮಂಚದ ಕೆಳಗಿನ ತಗಡಿನ ಡಬ್ಬಿ ಸೇರುತ್ತಿತ್ತು. ಆ ಡಬ್ಬಿಗೆ ಅವರ ಹೆಂಡತಿ ಸ್ಮಶಾನ ಅಂತ ಹೆಸರಿಟ್ಟಿದ್ದರು.

ಇಂಥ ಮನೆಗೆ ಸೊಸೆ ಒಂದು ಹಳೇ ಸೈಕಲ್ ತಂದಳು. ಮಗ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ದಿನಾ ನಡೆದು ನಡೆದು ಸಾಕಾಗಿ, ಕೂಡಿಟ್ಟಿದ್ದನ್ನೆಲ್ಲ ಸುರಿದು ಯಾರೋ ಬಿಟ್ಟ ಸೈಕಲ್ ಕೊಂಡಿದ್ದಳು. ಅದನ್ನು ರಿಪೇರಿ ಅಂಗಡಿಗೆ ಹಾಕಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಟೇಲರ್ ಸಾಹೇಬರು ತೋಳು ಮಡಚಿದರು. ನಾನಿರುವಾಗ ಅಂಗಡಿ ಯಾಕಮ್ಮ ಎಂದರು.

ಸುಳ್ಳು ಹೇಳಬಾರದು, ಮೊದಮೊದಲು ಚೆನ್ನಾಗಿಯೇ ಮಾಡಿದರು. ಹಿತ್ತಲಲ್ಲಿ ಗೋಣಿ ಹಾಸಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. ಎರಡು ಚಮಚದ ಹಿಡಿಗಳಿಂದ ಟೈರು ಬಿಡಿಸಿ, ಟ್ಯೂಬಿಗೆ ಗಾಳಿ ಹಾಕಿ ಬಕೆಟ್ಟಿನ ನೀರಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಅಂಟು ಹಚ್ಚಿ, ಅದು ಆರುವವರೆಗೆ ಕಾದು ತೇಪೆ ಒತ್ತಿದರು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಹರಿದ ಸೀಟಿಗೆ ರೆಕ್ಸಿನ್ ಕವರ್ ಹೊಲಿದರು, ಅದೂ ಡಬಲ್ ಹೊಲಿಗೆ. ಸೀಟಿನ ಎತ್ತರವನ್ನು ಪ್ಯಾಂಟಿನ ಉದ್ದ ತೆಗೆದಂತೆ ಟೇಪು ಹಿಡಿದು ಅಳೆದರು. ಮಾವ ಇದ್ರೆ ಅಂಗಡಿನೇ ಬೇಡ ಅಂತ ಸೊಸೆ ಪಕ್ಕದ ಮನೆಯವರ ಮುಂದೆ ಹೇಳಿದಳು. ಆ ಮಾತು ಅವರ ತಲೆಗೆ ಏರಿದ್ದು ಇಳಿಯಲೇ ಇಲ್ಲ.

ಸೋತದ್ದು ಬ್ರೇಕಿನ ಹತ್ತಿರ. ರಬ್ಬರ್ ಸವೆದು ಹೋಗಿತ್ತು, ನಟ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಬೇರೆ ದಾರಿಯಿಲ್ಲದೆ ಬೀದಿ ತಿರುವಿನ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದರು. ಶಾಪಿನವನು ಮಾತು ಬಲು ಕಮ್ಮಿಯ ಮನುಷ್ಯ, ಎಲ್ಲರೂ ಅವನನ್ನು ಮೌನಿ ಅಂತಲೇ ಕರೆಯುತ್ತಿದ್ದರು. ಹೊಸ ರಬ್ಬರ್ ಹಾಕಿ ಕೊಟ್ಟ. ಒಂದೇ ಮಾತು ಹೇಳಿದ.

"ನಾಲ್ಕು ದಿನ ಕಿರ್ ಅನ್ನತ್ತೆ. ಅದಾಗೇ ನಿಲ್ಲತ್ತೆ. ಮುಟ್ಟಬೇಡಿ."

ಕಿರ್ ಅಂದದ್ದು ನಿಜ. ಸೊಸೆ ಬ್ರೇಕ್ ಹಿಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಟೇಲರ್ ಸಾಹೇಬರ ರಿಪೇರಿ ಬಂತು ನೋಡಿ ಅಂತ ಪಕ್ಕದ ಮನೆಯವರು ನಕ್ಕರು. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತ ಕಿವಿ ಅದು. ಮಿಷನ್ ಕಿರ್ ಅಂದರೆ ಅದಕ್ಕೆ ಬಾಯಾರಿದೆ, ಎರಡು ಹನಿ ಎಣ್ಣೆ ಬಿಟ್ಟರೆ ತೆಪ್ಪಗಾಗುತ್ತದೆ. ಇಷ್ಟೂ ಗೊತ್ತಿಲ್ಲದೆ ಇವನೆಂಥ ಮೆಕ್ಯಾನಿಕ್ ಅಂದುಕೊಂಡರು. ಸೋಮವಾರ ಬೆಳಿಗ್ಗೆ ಸೊಸೆ ಒಳಗೆ ತಲೆ ಬಾಚಿಕೊಳ್ಳುತ್ತಿರುವಾಗ ಉದ್ದ ಕೊಕ್ಕಿನ ಎಣ್ಣೆ ಡಬ್ಬಿ ತಂದು, ಒಂದೊಂದು ರಬ್ಬರಿಗೂ ಎರಡೆರಡು ಹನಿ ಬಿಟ್ಟರು. ಹೇಗೂ ತಂದಿದ್ದೇನಲ್ಲ ಅಂತ ಚಕ್ರದ ಅಂಚಿಗೂ ಸುತ್ತಲೂ ಸವರಿದರು. ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಒತ್ತಿದರು. ಸದ್ದೇ ಇಲ್ಲ. ತಮ್ಮ ಬೆನ್ನು ತಾವೇ ತಟ್ಟಿಕೊಂಡು ಒಳಗೆ ಹೋದರು. ಚಕ್ರ ಇನ್ನೂ ತಿರುಗುತ್ತಲೇ ಇದ್ದದ್ದನ್ನು ಆ ಮಹಾನುಭಾವರು ನೋಡಲಿಲ್ಲ.

ಅರ್ಧ ಗಂಟೆಗೆಲ್ಲ ಸುದ್ದಿ ಬಂತು. ಶಾಲೆಯ ಹತ್ತಿರದ ಇಳಿಜಾರಿನಲ್ಲಿ ಪುಟ್ಟ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದವಂತೆ. ಸೊಸೆ ಎರಡೂ ಬ್ರೇಕ್ ಬಿಗಿಯಾಗಿ ಹಿಡಿದಳಂತೆ. ಸೈಕಲ್ ನಿಲ್ಲಲಿಲ್ಲ. ಮಕ್ಕಳ ಮೇಲೆ ಹೋಗಬಾರದೆಂದು ಹ್ಯಾಂಡಲ್ ತಿರುಗಿಸಿ ಕಾಂಪೌಂಡ್ ಗೋಡೆಗೆ ಗುದ್ದಿಕೊಂಡಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್, ಅಷ್ಟು ದಿನ ಕೆಲಸವೂ ಇಲ್ಲ.

ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ, ಯಾರೋ ತಂದು ಬಾಗಿಲ ಮುಂದೆ ಒರಗಿಸಿ ಹೋದ ಸೈಕಲ್ಲನ್ನು ಟೇಲರ್ ಸಾಹೇಬರು ಹಿತ್ತಲಿಗೆ ಒಯ್ದರು. ಅಂಚಿನ ಎಣ್ಣೆ ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಬಿಳಿ ಬಟ್ಟೆಯ ಚೂರು ತೆಗೆದುಕೊಂಡು ಒರೆಸಿದರು, ಮತ್ತೆ ಮತ್ತೆ ಒರೆಸಿದರು. ಚೂರು ಕಪ್ಪಾಯಿತು. ಅದನ್ನು ಮಡಚಿ ಚೂರುಬಟ್ಟೆಯ ಚೀಲದ ತಳಕ್ಕೆ ತುರುಕಿದರು. ಎಣ್ಣೆ ಬಿಟ್ಟದ್ದು ಬರೀ ದಡ್ಡತನ, ಈ ಒರೆಸಿದ್ದು ಮಾತ್ರ ಕಳ್ಳತನ ಎಂದು ಅವರಿಗೆ ಆಗಲೇ ಗೊತ್ತಿತ್ತು. ಆದರೂ ಒರೆಸಿದರು.

ಮರುದಿನ ಸಂಜೆ ಅವರ ಹೆಂಡತಿ ಸೈಕಲ್ ತಳ್ಳಿಕೊಂಡು ಸೈಕಲ್ ಶಾಪಿಗೆ ಹೊರಟರು. ಟೇಲರ್ ಸಾಹೇಬರು ಕಾಲೆಳೆಯುತ್ತ ಹಿಂದೆ ಹೋದರು. ಕೆಲಸ ಬಿಟ್ಟು ಬರುವವರು ಗಾಳಿ ಹಾಕಿಸಿಕೊಳ್ಳಲು ನಿಂತಿದ್ದ ಹೊತ್ತು. ಆಯಮ್ಮನ ಬಾಯಿ ಸಾಮಾನ್ಯದ್ದಲ್ಲ. ಬ್ರೇಕ್ ಹಾಕಲು ಬಾರದವನಿಗೆ ಅಂಗಡಿ ಯಾಕೆ, ನಮ್ಮ ಹುಡುಗಿಯ ಜೀವ ಹೋಗುತ್ತಿತ್ತಲ್ಲ, ಆ ಮಕ್ಕಳ ಗತಿ ಏನಾಗುತ್ತಿತ್ತು ಎಂದು ಬೀದಿಗೆಲ್ಲ ಕೇಳುವಂತೆ ಅವನ ನೀರಿಳಿಸಿದರು. ಮೌನಿ ಕೂತು ಚಕ್ರದ ಅಂಚಿನ ಮೇಲೆ ಬೆರಳಾಡಿಸಿದ. ಬೆರಳನ್ನು ಹೆಬ್ಬೆಟ್ಟಿಗೆ ಉಜ್ಜಿ ಮೂಗಿನ ಹತ್ತಿರ ಹಿಡಿದ. ಆಮೇಲೆ ತಲೆಯೆತ್ತಿ, ಕೊರಳಲ್ಲಿ ಟೇಪು ಹಾಕಿಕೊಂಡು ನಿಂತ ಟೇಲರ್ ಸಾಹೇಬರನ್ನು ಒಂದು ಸಲ ನೋಡಿದ.

ಟೇಲರ್ ಸಾಹೇಬರು ತಮ್ಮ ಚಪ್ಪಲಿ ನೋಡಿಕೊಂಡರು. ಭೂಮಿ ಬಾಯಿ ಬಿಟ್ಟರೆ ಸಾಕು, ಹಾಗೇ ಇಳಿದುಬಿಡುತ್ತೇನೆ ಅನ್ನಿಸಿತು.

ಸರಿಮಾಡಿ ಕೊಡುತ್ತೇನಮ್ಮ ಎಂದಷ್ಟೇ ಮೌನಿ ಹೇಳಿದ. ನಿಂತವರು ಮುಖಮುಖ ನೋಡಿಕೊಂಡರು. ಅವನೇ ತಪ್ಪು ಒಪ್ಪಿಕೊಂಡ ಎಂದು ಬೀದಿ ತೀರ್ಮಾನ ಮಾಡಿತು. ಶಾಲೆ ಮಕ್ಕಳ ಸೈಕಲ್ಲುಗಳು ಶಾಪಿಗೆ ಬರುವುದು ಮೊದಲು ನಿಂತಿತು, ಆಮೇಲೆ ಹಾಲಿನವನದು, ಪೇಪರಿನವನದು. ವಾರ ಕಳೆಯುವಷ್ಟರಲ್ಲಿ ಶಾಪಿನ ಮುಂದಿನ ಬೆಂಚಿನ ಮೇಲೆ ಕೂರುವವರೇ ಇಲ್ಲವಾದರು. ಟೇಲರ್ ಸಾಹೇಬರು ಗುಂಡಿ ತರಲು ಹೋಗಬೇಕಾದರೂ ಹಿಂದಿನ ಬೀದಿ ಸುತ್ತಿಕೊಂಡು ಹೋಗತೊಡಗಿದರು.

ಮನೆಯಲ್ಲಿ ಇನ್ನೊಂದು ಹಿಂಸೆ. ಅವರು ಮೆತ್ತನೆ ಬಟ್ಟೆ ಹುಡುಕಿ, ಅಂಚು ಚುಚ್ಚದಂತೆ ಒಳಮಡಚಿ, ಸೊಸೆಯ ಕೈಗೆ ಜೋಳಿಗೆ ಹೊಲಿದುಕೊಟ್ಟರು. ಸೊಸೆ ಅದನ್ನು ಕೊರಳಿಗೆ ಹಾಕಿಕೊಂಡು, ತುಂಬಾ ಹಗುರಾಗಿದೆ ಮಾವ ಎಂದಳು. ಯಾರಾದರೂ ಕೇಳಿದರೆ, ನಾನೇ ಜೋರಾಗಿ ಬಂದೆ ಎನ್ನುತ್ತಿದ್ದಳು. ಸೈಕಲ್ ಶಾಪಿನವನನ್ನು ಒಂದು ದಿನವೂ ಬೈಯಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತಿಣುಕಾಡುತ್ತ ಅವಳು ಊಟ ಮಾಡುವುದನ್ನು ಎದುರಿಗೆ ಕೂತು ನೋಡಲಾರದೆ ಅವರು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದರು.

ಹತ್ತನೇ ದಿನ ತಡೆಯಲಾಗಲಿಲ್ಲ. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಶಾಪಿಗೆ ಹೋದರು. ಅವರ ಸೈಕಲ್ಲು ಸೋಪಿನ ನೀರಲ್ಲಿ ತೊಳೆಸಿಕೊಂಡು, ಬೇರೆ ರಬ್ಬರ್ ಹಾಕಿಸಿಕೊಂಡು ಗೋಡೆಗೆ ಒರಗಿತ್ತು. ಮೌನಿ ಒಬ್ಬನೇ ಕೂತು ಕೆಲಸವಿಲ್ಲದೆ ನಟ್ಟು ಬಿಚ್ಚುವ ಪಾನಾಗಳನ್ನು ಒರೆಸುತ್ತಿದ್ದ. ಟೇಲರ್ ಸಾಹೇಬರು ತಡವರಿಸುತ್ತ, ಆ ಎಣ್ಣೆ ನಾನೇ ಬಿಟ್ಟದ್ದು ಎಂದರು. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ನನಗೆ ಗೊತ್ತಿರೋದನ್ನ ನನಗೇ ಬಂದು ಹೇಳಿದ್ರೆ ಏನು ಬಂತು, ಟೇಲರ್ರೇ?"

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಸೈಕಲ್ಲನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದರು. ಅತ್ತೆ ಸೊಸೆ ಇಬ್ಬರೂ ಹಜಾರದಲ್ಲಿದ್ದರು. ಕೂರದೆ, ನಿಂತಲ್ಲೇ ಎಲ್ಲ ಹೇಳಿದರು. ಎಣ್ಣೆ ಬಿಟ್ಟದ್ದು, ಒರೆಸಿದ್ದು, ಶಾಪಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದು. ಸೊಸೆ ತಲೆ ತಗ್ಗಿಸಿ ಜೋಳಿಗೆಯ ಅಂಚು ಸರಿಮಾಡಿಕೊಂಡಳು.

"ಗೊತ್ತಿತ್ತು ಮಾವ. ಕೈ ಕೆಳಗೆ ಇಟ್ಕೊಳ್ಳೋಕೆ ಬಟ್ಟೆ ಹುಡುಕ್ತಿದ್ದಾಗ ಚೀಲದ ತಳದಲ್ಲಿ ಎಣ್ಣೆ ಒರೆಸಿದ ಆ ಚೂರು ಸಿಕ್ತು."

"ಯಾವಾಗಮ್ಮ?"

"ಬಿದ್ದ ಮೂರನೇ ದಿನ. ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ."

ಅಂದರೆ ಒಂದು ವಾರ. ಒಂದು ವಾರ ಎದುರಿಗೆ ಕೂತು ಉಂಡಿದ್ದಳು, ಮಾವ ಮಾವ ಎಂದಿದ್ದಳು, ಕಾದಿದ್ದಳು. ಟೇಲರ್ ಸಾಹೇಬರಿಗೆ ಮುಖ ಎಲ್ಲಿಡುವುದೆಂದೇ ತಿಳಿಯಲಿಲ್ಲ. ಗೋಡೆಯ ಕಡೆ ತಿರುಗಿ ನಿಂತರು.

ಅವರ ಹೆಂಡತಿ ಹತ್ತಿರ ಬಂದರು. ದನಿ ಎಂದಿನಂತಿರಲಿಲ್ಲ.

"ನಾನು ನಾಲ್ಕು ಜನರ ಮುಂದೆ ಅವನನ್ನ ಬೈದೆ. ನೀವೂ ನಾಲ್ಕು ಜನರ ಮುಂದೇನೇ ಹೇಳ್ಬೇಕು. ಸಂಜೆ ನಡೀರಿ, ನಾನೂ ಬರ್ತೀನಿ."

ಸಂಜೆ ಕೆಲಸ ಬಿಟ್ಟು ಬರುವವರ ಹೊತ್ತಿಗೆ ಗಂಡ ಹೆಂಡತಿ ಶಾಪಿನ ಮುಂದೆ ನಿಂತಿದ್ದರು. ಅಲ್ಲಿ ಗಿರಾಕಿಗಳಿಲ್ಲ, ಆದರೆ ಬೀದಿಯಲ್ಲಿ ಜನವಿತ್ತು. ಹಾಲಿನವನು, ಪಕ್ಕದ ಮನೆಯವರು, ಶಾಲೆಯ ಆಯಾ. ಹೆಂಡತಿ, ಇಲ್ಲಿ ಸ್ವಲ್ಪ ನಿಲ್ಲಿ ಎಂದು ಎಲ್ಲರನ್ನೂ ಕರೆದು, ತಾವು ಬೈದದ್ದು ತಪ್ಪು ಎಂದು ಮೌನಿಗೆ ಕೈಮುಗಿದರು. ಕೈಮುಗಿದು ಪಕ್ಕಕ್ಕೆ ಸರಿದರು.

ಟೇಲರ್ ಸಾಹೇಬರು ಕೊರಳ ಟೇಪನ್ನು ತೆಗೆದು ಮುಷ್ಟಿಯಲ್ಲಿ ಸುತ್ತಿಕೊಂಡರು. ಬ್ರೇಕಿಗೆ ಎಣ್ಣೆ ಬಿಟ್ಟವನು ನಾನು, ಇವನ ತಪ್ಪು ಏನೂ ಇಲ್ಲ ಎಂದು ಹೇಳಿದರು. ಹೇಳಿಬಿಟ್ಟೆನಲ್ಲ ಎಂದು ಉಸಿರು ಬಿಟ್ಟರು.

ಹಿಂದೆ ನಿಂತಿದ್ದ ಹಾಲಿನವನು ಕಿವಿಗೆ ಕೈ ಹಚ್ಚಿದ.

"ಏನಂದ್ರಿ ಸಾಹೇಬ್ರೆ? ಕೇಳಿಸ್ಲಿಲ್ಲ."

ಟೇಲರ್ ಸಾಹೇಬರು ಹೆಂಡತಿಯ ಕಡೆ ನೋಡಿದರು, ಮೌನಿಯ ಕಡೆ ನೋಡಿದರು. ಇಬ್ಬರೂ ಅವರ ನೆರವಿಗೆ ಬರಲಿಲ್ಲ. ಅವರು ತಲೆಯೆತ್ತಿ, ಬೀದಿಯ ಆ ತುದಿಗೂ ಕೇಳುವಂತೆ, ಮೊದಲಿಂದ ಮತ್ತೆ ಹೇಳಿದರು. ಈ ಸಲ ಬಟ್ಟೆ ಚೂರಿನ ವಿಷಯವನ್ನೂ ಬಿಡಲಿಲ್ಲ.